ಪಾಳು ಹೊಲಕ್ಕೆ ಎಳೆ ಮರಗಳನ್ನು ಕಿತ್ತು ತಂದು ನೆಟ್ಟ ಬಗೆ

ಒಳ್ಳೆಯ ಮಳೆ ಬಿದ್ದು ಎರಡು ದಿನ ಕಳೆದ ಮೇಲೆ, ಉಳುಮೆ ನಿಂತುಹೋದ ಹೊಲದಲ್ಲಿ ಬೆರಳು ದಪ್ಪದ ಕಬ್ಬಿಣದ ಸರಳನ್ನು ನೆಟ್ಟಗೆ ನೆಲಕ್ಕೆ ಒತ್ತಿ ನೋಡಿದೆವು. ಮೊದಲ ಗೇಣು ಸಲೀಸಾಗಿ ಇಳಿಯಿತು. ಆಮೇಲೆ ತಟ್ಟನೆ ನಿಂತಿತು, ಮೈಭಾರ ಹಾಕಿದರೂ ಮುಂದೆ ಹೋಗಲಿಲ್ಲ. ಹತ್ತಾರು ಕಡೆ ಒತ್ತಿದರೂ ತಡೆ ಸಿಕ್ಕಿದ್ದು ಹೆಚ್ಚುಕಡಿಮೆ ಅದೇ ಆಳದಲ್ಲಿ. ಕಲ್ಲಾಗಿದ್ದರೆ ಒಂದು ಕಡೆ ತಾಗಿ ಇನ್ನೊಂದು ಕಡೆ ಬಿಡುತ್ತಿತ್ತು. ಹೊಲದ ಉದ್ದಕ್ಕೂ ಒಂದೇ ಆಳದಲ್ಲಿ ನಿಂತರೆ ಅದು ಉಳುಮೆಯಿಂದ ಆದ ಗಟ್ಟಿ ಪದರ. ವರ್ಷಗಟ್ಟಲೆ ಒಂದೇ ಆಳಕ್ಕೆ ಉತ್ತಾಗ, ಒದ್ದೆ ನೆಲದ ಮೇಲೆ ಟ್ರ್ಯಾಕ್ಟರ್ ಓಡಾಡಿದಾಗ, ಸಾಮಾನ್ಯವಾಗಿ 15ರಿಂದ 25 ಸೆಂ.ಮೀ. ಆಳದಲ್ಲಿ ಮಣ್ಣು ಒತ್ತಿಕೊಂಡು ಹಲಗೆಯಂತಾಗುತ್ತದೆ. ಬೆಳೆಗೆ ಅದು ಅಷ್ಟು ತೊಂದರೆ ಕೊಡದಿರಬಹುದು. ಮರಕ್ಕೆ ಮಾತ್ರ ಸಾವು ಬದುಕಿನ ಪ್ರಶ್ನೆ.

ಏಕೆಂದರೆ ಆ ಪದರಕ್ಕೆ ತಾಗಿದ ಬೇರು ಅಡ್ಡಕ್ಕೆ ತಿರುಗುತ್ತದೆ. ಅಡ್ಡಕ್ಕೆ ಹೋದ ಬೇರು ಸೇರುವುದು ಹುಲ್ಲಿನ ಬೇರುಗಳ ನಡುವೆ. ಮಳೆಗಾಲದಲ್ಲಿ ಗಿಡ ಹಸಿರಾಗಿಯೇ ಇರುತ್ತದೆ, ನೆಟ್ಟದ್ದು ಹಿಡಿಯಿತು ಎಂದು ಸಮಾಧಾನವಾಗುತ್ತದೆ. ಬೇಸಿಗೆಯಲ್ಲಿ ಮೇಲಿನ ಒಂದು ಗೇಣು ಮಣ್ಣು ಒಣಗಿದಾಗ ಕೆಳಗಿನ ತೇವಕ್ಕೆ ಇಳಿದ ಬೇರೇ ಇರುವುದಿಲ್ಲ. ಪಾಳು ಜಮೀನಿನಲ್ಲಿ ನೆಟ್ಟ ಗಿಡಗಳು ಮೊದಲ ಬೇಸಿಗೆಯಲ್ಲಿ ಸಾಲುಸಾಲಾಗಿ ಒಣಗುವುದಕ್ಕೆ ಇದೇ ದೊಡ್ಡ ಕಾರಣ ಎಂಬುದು ನಾವು ಸತ್ತ ಗಿಡಗಳನ್ನು ಅಗೆದು ನೋಡಿ ಕಂಡುಕೊಂಡದ್ದು. ಬೇರುಗಳು ಇಂಗ್ಲಿಷಿನ ‘ಎಲ್’ ಅಕ್ಷರದ ಹಾಗೆ ಬಾಗಿ ನಿಂತಿರುತ್ತವೆ.

ಪದರ ಒಡೆಯಲು ದಾರಿ ಎರಡು. ಟ್ರ್ಯಾಕ್ಟರ್ ಹೋಗುವ ಜಾಗವಾದರೆ ಆಳ ನೇಗಿಲನ್ನು, ಅಂದರೆ ಸಬ್‌ಸಾಯ್ಲರ್ ಅನ್ನು, 45 ಸೆಂ.ಮೀ. ಆಳಕ್ಕೆ ಎಳೆಸಬಹುದು. ಅದನ್ನು ಮಣ್ಣು ಒಣಗಿರುವಾಗಲೇ ಮಾಡಬೇಕು. ಒಣ ಮಣ್ಣು ಬಿರುಕು ಬಿಟ್ಟು ಅಕ್ಕಪಕ್ಕಕ್ಕೂ ಒಡೆಯುತ್ತದೆ. ಹಸಿ ಮಣ್ಣಿನಲ್ಲಿ ಚಾಕು ಹಾಕಿದಂತೆ ಒಂದು ಸೀಳು ಬಿದ್ದು ಮತ್ತೆ ಕೂಡಿಕೊಳ್ಳುತ್ತದೆ. ಇಳಿಜಾರಿನಲ್ಲಿ ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲೇ ಎಳೆಸಬೇಕು. ಇಲ್ಲದಿದ್ದರೆ ಪ್ರತಿ ಸೀಳೂ ಕೊರಕಲಾಗುತ್ತದೆ. ಟ್ರ್ಯಾಕ್ಟರ್ ಬರದ ಜಾಗದಲ್ಲಿ ಗುಂಡಿಯ ಮಟ್ಟದಲ್ಲೇ ಒಡೆಯಬೇಕು. ನಾವು ಮಳೆಗಾಲಕ್ಕೆ ಒಂದೂವರೆ ತಿಂಗಳು ಮೊದಲು 45 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೆಗೆದು, ತಳದಲ್ಲಿ ಹಾರೆಯಿಂದ ನಾಲ್ಕೈದು ಕಡೆ ಇನ್ನೊಂದು ಮೊಳದಷ್ಟು ಚುಚ್ಚಿ ಅಲುಗಾಡಿಸಿ ಬಿಟ್ಟೆವು. ಗುಂಡಿಯ ಮೇಲ್ಮಣ್ಣನ್ನು ಒಂದು ಪಕ್ಕ, ತಳದ ಮಣ್ಣನ್ನು ಇನ್ನೊಂದು ಪಕ್ಕ ಗುಡ್ಡೆ ಹಾಕಿದೆವು. ಮುಚ್ಚುವಾಗ ಈ ಬೇರ್ಪಡಿಕೆ ಬೇಕಾಗುತ್ತದೆ.

ಗುಂಡಿ ತೆಗೆದ ಮೇಲೆ ಅಲ್ಲೊಂದು ಇಲ್ಲೊಂದು ಆರಿಸಿ ನೀರು ತುಂಬಿಸಿ ಬಿಟ್ಟೆವು. ಮಾರನೆಯ ದಿನ ನೀರು ಇಂಗಿದ್ದರೆ ಚಿಂತೆಯಿಲ್ಲ. ಇನ್ನೂ ನಿಂತಿದ್ದರೆ ಆ ಜಾಗದಲ್ಲಿ ಗುಂಡಿ ಎಂದರೆ ಗಿಡಕ್ಕೆ ಬಾವಿ ತೋಡಿದಂತೆ. ಅಲ್ಲಿ ಮಣ್ಣು ಏರಿಸಿ ಒಂದು ಗೇಣು ಎತ್ತರದ ದಿಬ್ಬದ ಮೇಲೆ ನೆಡಬೇಕು, ಇಲ್ಲವೇ ನೀರು ತಡೆದುಕೊಳ್ಳುವ ಮತ್ತಿ, ನೇರಳೆ, ಹೊಂಗೆಯಂಥವನ್ನು ಅಲ್ಲಿಗೆ ಇಡಬೇಕು. ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ. ಹೊಲ ಬಿಡುವ ಮುಂಚೆ ಕಳೆನಾಶಕ ಹೊಡೆದಿದ್ದರೆ ಕೆಲವು ಬಗೆಯವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಹೊಲದ ಮಣ್ಣನ್ನು ಎರಡು ಕುಂಡದಲ್ಲಿ ತುಂಬಿ, ಹೊಡೆಯದ ಜಾಗದ ಮಣ್ಣನ್ನು ಇನ್ನೆರಡರಲ್ಲಿ ತುಂಬಿ, ನಾಲ್ಕರಲ್ಲೂ ಹುರುಳಿ ಬಿತ್ತಿದರೆ ಸಾಕು. ಮೂರು ವಾರದಲ್ಲಿ ಹೊಲದ ಮಣ್ಣಿನ ಹುರುಳಿ ಮಾತ್ರ ಹಳದಿಯಾಗಿ ಮುರುಟಿದರೆ ಆ ವರ್ಷ ನೆಡುವುದನ್ನು ಮುಂದೂಡುವುದೇ ಲೇಸು.

ನೆಡುವ ಮೊದಲು ಹೊಲವನ್ನು ಅಂಗುಲ ಅಂಗುಲ ನಡೆದು ನೋಡಬೇಕು. ಉಳುಮೆ ನಿಂತ ನೆಲದಲ್ಲಿ, ಬದುಗಳ ಮಗ್ಗುಲಲ್ಲಿ, ಹಳೆಯ ಮರಗಳ ಕೊರಡುಗಳು ನೆಲಮಟ್ಟದಲ್ಲಿ ಬದುಕಿರುತ್ತವೆ. ವರ್ಷ ವರ್ಷವೂ ಚಿಗುರಿ, ಮೇಕೆ ಮೇಯ್ದು ಇಲ್ಲವೇ ಬೆಂಕಿಗೆ ಸಿಕ್ಕು ಪೊದೆಯಾಗಿಯೇ ಉಳಿದಿರುತ್ತವೆ. ಅಂಥ ಬುಡದಲ್ಲಿ ಗಟ್ಟಿಯಾದ ಎರಡು ಮೂರು ಚಿಗುರು ಉಳಿಸಿ ಮಿಕ್ಕಿದ್ದನ್ನು ಸವರಿದರೆ, ಹೊಸದಾಗಿ ನೆಟ್ಟ ಯಾವ ಸಸಿಯೂ ಅದರ ಓಟಕ್ಕೆ ಸರಿಗಟ್ಟದು. ಅದರ ಬೇರು ಆಗಲೇ ಪಾತಾಳದಲ್ಲಿರುತ್ತದೆ. ಆಫ್ರಿಕಾದ ನೈಜರ್ ದೇಶದಲ್ಲಿ 1980ರ ದಶಕದಲ್ಲಿ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ ರೈತರ ಜೊತೆ ಸೇರಿ ಶುರುಮಾಡಿದ್ದು ಇದನ್ನೇ. ಅಲ್ಲಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರಗಳು ಮರಳಿದ್ದು ಬಹುಪಾಲು ಹೀಗೆ, ಒಂದೂ ಗುಂಡಿ ತೋಡದೆ. ನಾವು ಇಂಥ ಬುಡಗಳಿಗೆಲ್ಲ ಕೋಲು ನೆಟ್ಟು ಬಣ್ಣದ ಬಟ್ಟೆ ಕಟ್ಟಿದೆವು, ಅವುಗಳ ಸುತ್ತ ಮೂರು ಮೀಟರ್ ಒಳಗೆ ಏನನ್ನೂ ನೆಡಲಿಲ್ಲ.

ಉಳಿದ ಜಾಗಕ್ಕೆ ಎಷ್ಟು ಗಿಡ? 3 ಮೀಟರಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 450, ಹೆಕ್ಟೇರಿಗೆ 1,111. 2 ಮೀಟರಿಗೊಂದಾದರೆ ಎಕರೆಗೆ ಸಾವಿರ ದಾಟುತ್ತದೆ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರ ಪದ್ಧತಿಯಲ್ಲಿ ಚದರ ಮೀಟರಿಗೆ ಮೂರು ಗಿಡದವರೆಗೂ ನೆಡುತ್ತಾರೆ. ಸಣ್ಣ ತುಂಡು ನೆಲಕ್ಕೆ ಅದು ಸರಿ, ಎಕರೆಗಟ್ಟಲೆ ಹೊಲಕ್ಕೆ ಅಷ್ಟು ಸಸಿ, ಅಷ್ಟು ನೀರು, ಅಷ್ಟು ಆಳು ಹೊಂದಿಸುವುದು ಕಷ್ಟ. ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ಅರಣ್ಯ ಪುನಶ್ಚೇತನ ಘಟಕ ಪಾಳು ಬಿದ್ದ ಬೆಟ್ಟದ ಹೊಲಗಳಲ್ಲಿ 1.8 ಮೀಟರಿಗೊಂದರಂತೆ, 20ರಿಂದ 30 ಜಾತಿಗಳನ್ನು ಕಲೆಸಿ ನೆಡುತ್ತದೆ. ಅದರ ಲೆಕ್ಕ ಹೀಗಿದೆ: ನೆರಳು ಬೇಗ ಕೂಡಿದರೆ ಹುಲ್ಲು ಬೇಗ ಸಾಯುತ್ತದೆ, ಹಣ್ಣು ಬಿಡುವ ಜಾತಿಗಳಿದ್ದರೆ ಹಕ್ಕಿಗಳೂ ಬಾವಲಿಗಳೂ ಉಳಿದ ಜಾತಿಗಳನ್ನು ತಾವೇ ತಂದು ಹಾಕುತ್ತವೆ. ನಮಗೆ ಈ ತರ್ಕ ಹಿಡಿಸಿತು. ಇಡೀ ಹೊಲವನ್ನು ತೆಳ್ಳಗೆ ತುಂಬುವ ಬದಲು ದಟ್ಟವಾದ ಗುಂಪುಗಳನ್ನು ಮಾಡಿದೆವು. ಗುಂಪಿನೊಳಗೆ 2 ಮೀಟರ್ ಅಂತರ, ಗುಂಪು ಗುಂಪಿನ ನಡುವೆ ಖಾಲಿ ಜಾಗ. ನಿಗಾ ವಹಿಸುವವರ ಕೈ ಎಷ್ಟು ದೂರ ನಿಲುಕುತ್ತದೋ ಅಷ್ಟೇ ನೆಡುವುದು ಒಳ್ಳೆಯದು.

ಇನ್ನು ಎಳೆ ಮರಗಳು. ತಾಯಿಮರದ ಕೆಳಗೆ ಮಳೆಗಾಲದಲ್ಲಿ ಸಾಸಿವೆ ಚೆಲ್ಲಿದಂತೆ ಸಸಿ ಹುಟ್ಟುತ್ತವೆ, ನೆರಳಲ್ಲಿ ಒಂದನ್ನೊಂದು ತಿಂದು ಬಹುಪಾಲು ಸಾಯುತ್ತವೆ. ಕಾಲುವೆಯ ಏರಿ, ದಾರಿಯ ಅಂಚು, ಕಟ್ಟಡ ಏಳಲಿರುವ ನಿವೇಶನ, ತೋಟದ ಬದು – ಇಲ್ಲೆಲ್ಲ ಹೇಗೂ ಕಡಿಸಿಕೊಳ್ಳುವ ಗಿಡಗಳಿರುತ್ತವೆ. ಜಾಗದ ಒಡೆಯರ ಒಪ್ಪಿಗೆ ಪಡೆದು ಅಂಥವನ್ನೇ ತಂದೆವು. ಕಾಡಿನೊಳಗಿನಿಂದ ಕೀಳಬಾರದು, ಒಂದು ಕಾಡು ಬೆಳೆಸಲು ಇನ್ನೊಂದನ್ನು ಬರಿದು ಮಾಡಿದಂತಾಗುತ್ತದೆ.

ಆರಿಸುವಾಗ ಎಲ್ಲರ ಕಣ್ಣೂ ಎತ್ತರದ ಗಿಡಕ್ಕೇ ಹೋಗುತ್ತದೆ. ಆಳೆತ್ತರದ ಮರ ತಂದರೆ ಎರಡು ವರ್ಷ ಉಳಿಯಿತು ಅನ್ನಿಸುತ್ತದೆ. ಲೆಕ್ಕ ಹಾಗಿಲ್ಲ. ಕಿತ್ತ ಮರದ ಜೊತೆ ಬರುವುದು ಅದರ ಬೇರಿನ ಸಣ್ಣ ಪಾಲು ಮಾತ್ರ, ಉಳಿದದ್ದು ಹಳೆಯ ಜಾಗದಲ್ಲೇ ಉಳಿಯುತ್ತದೆ. ಮಣ್ಣುಂಡೆಯ ಅಗಲ ಕಾಂಡದ ದಪ್ಪದ ಹತ್ತರಿಂದ ಹನ್ನೆರಡು ಪಟ್ಟು ಇರಬೇಕೆಂಬುದು ನಿಯಮ. ಕಾಂಡದ ದಪ್ಪವನ್ನು ನೆಲದಿಂದ 15 ಸೆಂ.ಮೀ. ಮೇಲೆ ಅಳೆಯಬೇಕು. ಕಾಂಡ 2.5 ಸೆಂ.ಮೀ. ದಪ್ಪವಿದ್ದರೆ ಉಂಡೆ 30 ಸೆಂ.ಮೀ. ಅಗಲ, ತೂಕ ಸುಮಾರು 20 ಕೆ.ಜಿ.; ಒಬ್ಬರು ಎತ್ತಬಹುದು. ಕಾಂಡ 5 ಸೆಂ.ಮೀ. ಆದರೆ ಉಂಡೆ 60 ಸೆಂ.ಮೀ. ಅಗಲ, ಹಸಿ ಮಣ್ಣಿನ ತೂಕ ಒಂದೂವರೆ ಕ್ವಿಂಟಲ್. ಕಾಂಡ ಎರಡು ಪಟ್ಟು, ತೂಕ ಏಳೆಂಟು ಪಟ್ಟು. ಇಷ್ಟು ಕಷ್ಟಪಟ್ಟು ತಂದ ದೊಡ್ಡ ಮರ ಮುಂದಿನ ಎರಡು ಮೂರು ವರ್ಷ ಕಳೆದುಕೊಂಡ ಬೇರನ್ನು ಮತ್ತೆ ಕಟ್ಟುವುದರಲ್ಲೇ ಇರುತ್ತದೆ, ಮೇಲಕ್ಕೆ ಏಳುವುದಿಲ್ಲ. ಅಷ್ಟರಲ್ಲಿ ಪಕ್ಕದ ಮೊಣಕಾಲೆತ್ತರದ ಸಸಿ ಅದನ್ನು ದಾಟಿರುತ್ತದೆ. ನಮ್ಮ ಮಿತಿ ಹೆಬ್ಬೆರಳ ದಪ್ಪ, ಒಂದು ಮೀಟರ್ ಎತ್ತರ. ಅದಕ್ಕಿಂತ ದೊಡ್ಡದನ್ನು ಕಡಿಯುವ ಅಪಾಯದಿಂದ ಪಾರುಮಾಡಲು ಬೇಕಾದರೆ ತನ್ನಿ, ಕಾಡು ಬೆಳೆಸುವ ಲೆಕ್ಕಕ್ಕೆ ಹಿಡಿಯಬೇಡಿ.

ಒಂದು ಗೇಣಿಗಿಂತ ಚಿಕ್ಕ ಸಸಿಗಳನ್ನು ನೇರ ಹೊಲಕ್ಕೆ ಒಯ್ಯಲಿಲ್ಲ. ಮಳೆ ಬಿದ್ದ ಮಾರನೆಯ ದಿನ ಚಿಕ್ಕ ಕೈಗುದ್ದಲಿಯಿಂದ ಮಣ್ಣಿನ ಸಮೇತ ಎಬ್ಬಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಅಂದೇ ಪಾಲಿಥೀನ್ ಚೀಲಗಳಿಗೆ ತುಂಬಿದೆವು. ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಕುಡಿಯನ್ನು ಮಾತ್ರ ಮುಟ್ಟದೆ, ಆರು ವಾರ ದಟ್ಟ ನೆರಳಿನಲ್ಲಿ ಇಟ್ಟೆವು. ಹೊಸ ಚಿಗುರು ಕಂಡ ಮೇಲೆ ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ಸರಿಸಿ, ನೆಡುವ ಮೊದಲಿನ ಒಂದೂವರೆ ತಿಂಗಳು ಪೂರ್ತಿ ಬಿಸಿಲಲ್ಲಿ, ನೀರು ಕಡಿಮೆ ಮಾಡುತ್ತ ಗಟ್ಟಿ ಮಾಡಿ, ಮುಂದಿನ ಮಳೆಗಾಲಕ್ಕೆ ಹೊಲಕ್ಕಿಳಿಸಿದೆವು. ನೆರಳಲ್ಲಿ ಬೆಳೆದ ಎಲೆ ತೆಳ್ಳಗಿರುತ್ತದೆ. ಅದನ್ನು ನೇರ ಬಯಲಿಗಿಟ್ಟರೆ ಬೇರು ಸರಿಯಿದ್ದರೂ ಎಲೆ ಬಿಸಿಲಿಗೆ ಬೆಂದುಹೋಗುತ್ತದೆ.

ಜಾತಿ ಜಾತಿಗೂ ಬೇರಿನ ಸ್ವಭಾವ ಬೇರೆ. ಹುಣಸೆ, ಹಿಪ್ಪೆ, ಬೇವು ಮೊದಲ ವರ್ಷವೇ ತಾಯಿಬೇರನ್ನು ಆಳಕ್ಕೆ ಇಳಿಸಿಬಿಡುತ್ತವೆ. ಮೊಣಕಾಲೆತ್ತರದ ಗಿಡದ ಬೇರು ಗಿಡಕ್ಕಿಂತ ಉದ್ದವಿರುವುದುಂಟು. ಅಂಥವನ್ನು ನಾಲ್ಕೆಲೆ ಇರುವಾಗಲೇ ಎತ್ತಬೇಕು, ಇಲ್ಲವೇ ಬೀಜವನ್ನೇ ಹೊಲದಲ್ಲಿ ಊರಬೇಕು. ಆಲ, ಅತ್ತಿ, ಅರಳಿ ಇದಕ್ಕೆ ಪೂರ್ತಿ ತದ್ವಿರುದ್ಧ, ಬೇರು ಕಡಿದರೂ ಹಟ ಹಿಡಿದು ಮತ್ತೆ ಬಿಡುತ್ತವೆ. ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿಯನ್ನು ಬೇರಿನ ಒಂದು ತುಂಡಿನೊಂದಿಗೆ ಕಿತ್ತು ಬದುಕಿಸಬಹುದು. ತೇಗ ಮತ್ತು ಶಿವನೆಗೆ ಮೋಟು ನಾಟಿ ಎಂಬ ಬೇರೆಯೇ ದಾರಿಯಿದೆ. ಒಂದು ವರ್ಷದ, ಬುಡದಲ್ಲಿ ಬೆರಳು ದಪ್ಪದ ಗಿಡವನ್ನು ಕಿತ್ತು, ಕಾಂಡವನ್ನು ಎರಡು ಮೂರು ಸೆಂ.ಮೀ. ಬಿಟ್ಟು ಕತ್ತರಿಸಿ, ತಾಯಿಬೇರನ್ನು 15ರಿಂದ 20 ಸೆಂ.ಮೀ. ಉಳಿಸಿ, ಪಕ್ಕದ ಬೇರುಗಳನ್ನು ಸವರಿದರೆ ಒಂದು ಗೆಣಸಿನಂಥ ತುಂಡು ಉಳಿಯುತ್ತದೆ. ಹಾರೆಯಿಂದ ತೂತು ಮಾಡಿ ಅದನ್ನು ಇಳಿಸಿ ಮಣ್ಣು ಬಿಗಿದರೆ ಮುಗಿಯಿತು. ಎಲೆಯೇ ಇಲ್ಲದಿರುವುದರಿಂದ ಒಣಗುವ ಭಯ ಕಡಿಮೆ, ಒಂದು ಚೀಲದಲ್ಲಿ ನೂರು ಗಿಡ ಹೊತ್ತು ತರಬಹುದು. ಎಲ್ಲ ಮರಕ್ಕೂ ಇದು ನಡೆಯುವುದಿಲ್ಲ.

ಉಂಡೆ ಸಮೇತ ತರುವ ಗಿಡಗಳಿಗೆ ಪೂರ್ವಸಿದ್ಧತೆ ಮೂರು ತಿಂಗಳು ಮೊದಲೇ ಶುರುವಾಯಿತು. ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದೇ, ಅತಿ ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ಉಂಡೆಯ ಅಳತೆಗಿಂತ ನಾಲ್ಕು ಬೆರಳು ಒಳಗೆ ಗಿಡದ ಸುತ್ತ ವೃತ್ತ ಗುರುತು ಮಾಡಿ, ಅದನ್ನು ಆರು ಪಾಲು ಮಾಡಿ, ಒಂದು ಬಿಟ್ಟು ಒಂದರಂತೆ ಮೂರು ಪಾಲಿನಲ್ಲಿ ಹರಿತವಾದ ಸಲಿಕೆಯನ್ನು ಪೂರ್ತಿ ಅಲಗಿನಷ್ಟು ಇಳಿಸಿದೆವು. ಐದಾರು ವಾರ ಬಿಟ್ಟು ಉಳಿದ ಮೂರು ಪಾಲು. ಕಡಿದ ತುದಿಯ ಹಿಂದೆ ಹತ್ತಾರು ಸಣ್ಣ ಬೇರು ಒಡೆಯುತ್ತವೆ, ಅವೆಲ್ಲ ಉಂಡೆಯ ಒಳಗೇ ಇರುತ್ತವೆ. ನೀರು ಹೀರುವುದು ಈ ಕೂದಲಿನಂಥ ಬೇರುಗಳೇ ಹೊರತು ಹಗ್ಗದಂಥ ದಪ್ಪ ಬೇರುಗಳಲ್ಲ. ಒಂದೇ ಸಲಕ್ಕೆ ಸುತ್ತಲೂ ಕಡಿದರೆ ಗಿಡ ಇದ್ದಲ್ಲೇ ಬಾಡುತ್ತದೆ. ಈ ಅವಧಿಯಲ್ಲಿ ವಾರಕ್ಕೊಮ್ಮೆಯಾದರೂ ನೀರು ಬೇಕು. ಒಣ ಮಣ್ಣಿನಲ್ಲಿ ಹೊಸ ಬೇರು ಒಡೆಯುವುದಿಲ್ಲ.

ಕೀಳುವ ದಿನವನ್ನು ಹೊಲದ ಮಣ್ಣು ಹೇಳಬೇಕು, ಕ್ಯಾಲೆಂಡರ್ ಅಲ್ಲ. ಮೊದಲ ಮಳೆಗೆ ನೆಲದ ಮೇಲ್ಭಾಗ ಒದ್ದೆಯಾಗಿರುತ್ತದೆ, ಕೆಳಗೆ ಬಿಸಿಯಾಗಿ ಒಣಗಿಯೇ ಇರುತ್ತದೆ. ಗುಂಡಿಯ ತಳದವರೆಗೆ ತೇವ ಇಳಿದಿದೆಯೇ ಎಂದು ಸರಳು ಹಾಕಿ ನೋಡಿ, ಆಮೇಲೆ ಬರುವ ಮೋಡದ ದಿನ ಹಿಡಿದೆವು. ಮಳೆಗಾಲದ ಮೊದಲ ಭಾಗದಲ್ಲಿ ನೆಟ್ಟರೆ ಬೇರಿಗೆ ಇಳಿಯಲು ಕಾಲಾವಕಾಶ ಸಿಗುತ್ತದೆ. ಕೊನೆಯ ಮಳೆಗೆ ನೆಟ್ಟ ಗಿಡ ಬೇಸಿಗೆಯನ್ನು ಬರಿಗೈಯಲ್ಲಿ ಎದುರಿಸುತ್ತದೆ.

ಅಗೆಯುವ ಕ್ರಮ ಹೀಗಿತ್ತು. ಹಿಂದಿನ ಸಂಜೆ ಬುಡಕ್ಕೆ ಎರಡು ಕೊಡ ನೀರು. ಬೆಳಗ್ಗೆ ಕೆಳಗಿನ ಕೊಂಬೆಗಳನ್ನು ಮೇಲಕ್ಕೆ ಸೇರಿಸಿ ಹುರಿಯಿಂದ ಸಡಿಲವಾಗಿ ಕಟ್ಟಿ, ಹಳೆಯ ವೃತ್ತದ ಹೊರಗೆ ನಾಲ್ಕು ಬೆರಳು ಬಿಟ್ಟು ಸುತ್ತಲೂ ಕಂದಕ ತೋಡಿದೆವು. ಸಲಿಕೆಯ ಬೆನ್ನು ಗಿಡದ ಕಡೆಗಿರಬೇಕು, ಇಲ್ಲದಿದ್ದರೆ ಮೀಟಿದಾಗ ಉಂಡೆ ಬಿರಿಯುತ್ತದೆ. ಪೆನ್ಸಿಲ್‌ಗಿಂತ ದಪ್ಪದ ಬೇರು ಸಿಕ್ಕರೆ ಕತ್ತರಿಯಲ್ಲೋ ಕೈಗರಗಸದಲ್ಲೋ ಕತ್ತರಿಸಬೇಕು. ಎಳೆದು ಹರಿದ ಬೇರು ಸಿಪ್ಪೆ ಸುಲಿದುಕೊಂಡು ಕೊಳೆಯುತ್ತದೆ. ಒಂದು ಗೇಣು ಆಳವಾದ ಮೇಲೆ ಒಳಕ್ಕೆ ಓರೆಯಾಗಿ ಅಗೆಯುತ್ತ ಹೋಗಿ, ಕೊನೆಗೆ ತಾಯಿಬೇರನ್ನು ಒಂದೇ ಏಟಿಗೆ ಕತ್ತರಿಸಿ, ಗಿಡವನ್ನು ಒಂದು ಪಕ್ಕಕ್ಕೆ ವಾಲಿಸಿ ಕೆಳಗೆ ಅರ್ಧ ಸುರುಳಿ ಸುತ್ತಿದ ಗೋಣಿಚೀಲ ತೂರಿಸಿ, ಇನ್ನೊಂದು ಪಕ್ಕಕ್ಕೆ ವಾಲಿಸಿ ಸುರುಳಿ ಬಿಡಿಸಿದೆವು. ಗೋಣಿಯನ್ನು ಬಿಗಿಯಾಗಿ ಕಟ್ಟಿದ ಮೇಲೆಯೇ ಮೇಲಕ್ಕೆತ್ತುವುದು. ಯಾವಾಗಲೂ ಉಂಡೆ ಹಿಡಿದು ಎತ್ತಬೇಕು. ಕಾಂಡ ಹಿಡಿದು ಎತ್ತಿದರೆ ಉಂಡೆ ಹೊರಗೆ ಇಡಿಯಾಗಿ ಕಂಡರೂ ಒಳಗೆ ಕೂದಲು ಬೇರುಗಳು ಪಟಪಟನೆ ಹರಿದಿರುತ್ತವೆ.

ಎರೆಮಣ್ಣಿನಲ್ಲೂ ಕೆಂಪು ಜೇಡಿಯಲ್ಲೂ ಉಂಡೆ ನಿಲ್ಲುತ್ತದೆ. ಮರಳು ಮಣ್ಣಿನಲ್ಲಿ ಎಷ್ಟು ಜಾಗ್ರತೆ ಮಾಡಿದರೂ ಉದುರುತ್ತದೆ. ಉದುರಿದರೆ ಆ ಗಿಡವನ್ನು ಬರಿಬೇರಿನ ಗಿಡ ಎಂದೇ ನೋಡಿಕೊಳ್ಳಬೇಕು. ಜೇಡಿಮಣ್ಣು ಮತ್ತು ಸಗಣಿ ಕಲೆಸಿದ ದೋಸೆ ಹಿಟ್ಟಿನ ಹದದ ಕೆಸರನ್ನು ಬಕೆಟಿನಲ್ಲಿ ಮೊದಲೇ ಇಟ್ಟುಕೊಂಡಿದ್ದೆವು. ಬೇರನ್ನು ಅದರಲ್ಲಿ ಅದ್ದಿ, ಒದ್ದೆ ಗೋಣಿಯಲ್ಲಿ ಸುತ್ತಿ, ಎಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸವರಿ, ಮೊದಲ ಗಾಡಿಯಲ್ಲೇ ಕಳಿಸಬೇಕು. ಬಿಸಿಲಿಗೆ ಬಿದ್ದ ಕೂದಲು ಬೇರು ಸಾಯಲು ಕೆಲವೇ ನಿಮಿಷ ಸಾಕು. ಹಾಗೆಂದು ಬಕೆಟ್ ನೀರಿನಲ್ಲಿ ಮುಳುಗಿಸಿ ದಿನಗಟ್ಟಲೆ ಇಡಬಾರದು, ಬೇರಿಗೂ ಉಸಿರು ಬೇಕು. ಉಂಡೆ ಇಡಿಯಾಗಿ ಬಂದ ಗಿಡದ ಎಲೆಯನ್ನು ನಾವು ಅಷ್ಟಾಗಿ ಕತ್ತರಿಸಲಿಲ್ಲ. ಹೊಸ ಬೇರಿಗೆ ಬೇಕಾದ ಆಹಾರ ತಯಾರಾಗುವುದು ಎಲೆಯಲ್ಲೇ. ಬೋಳು ಮಾಡಿದ ಗಿಡ ಒಣಗದಿರಬಹುದು, ಆದರೆ ಬೇರು ಬಿಡುವುದೂ ನಿಧಾನ.

ಸಾಗಣೆಯಲ್ಲಿ ಗಾಳಿ ಕೊಲ್ಲುತ್ತದೆ. ಮುಚ್ಚದ ಟ್ರಾಲಿಯಲ್ಲಿ ಎಲೆ ಬಿಚ್ಚಿ ನಿಲ್ಲಿಸಿಕೊಂಡು ಹೋದರೆ ಅರ್ಧ ಗಂಟೆಯ ಓಟ ಒಂದು ದಿನದ ಬಿಸಿಗಾಳಿಗೆ ಸಮ. ಗಿಡಗಳನ್ನು ಓರೆಯಾಗಿ ಒರಗಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ, ಉಂಡೆಗಳ ನಡುವೆ ಹುಲ್ಲು ತುರುಕಿದೆವು. ಆ ದಿನ ನೆಡಲಾಗುವಷ್ಟನ್ನೇ ಆ ದಿನ ಕೀಳುವುದು ಎಂಬುದನ್ನು ಬಿಗಿಯಾಗಿ ಹಿಡಿದೆವು. ಮಿಕ್ಕವು ನೆರಳಲ್ಲಿ, ಉಂಡೆಗೆ ಒದ್ದೆ ಮಣ್ಣು ಮುಚ್ಚಿಸಿಕೊಂಡು ಒಂದು ರಾತ್ರಿ ಕಾಯಬಹುದು.

ನೆಡುವಾಗ ಮೊದಲು ನೋಡಬೇಕಾದ್ದು ಗುಂಡಿಯ ಗೋಡೆ. ಜೇಡಿ ನೆಲದಲ್ಲಿ ಹಸಿಯಿರುವಾಗ ಸಲಿಕೆ ತಾಗಿದ ಗೋಡೆ ಗಡಿಗೆಯ ಹಾಗೆ ನುಣುಪಾಗುತ್ತದೆ. ಬೇರು ಅದನ್ನು ತೂರಲಾರದೆ ಗುಂಡಿಯೊಳಗೇ ಸುತ್ತು ಹಾಕುತ್ತದೆ. ಹಾರೆಯ ಮೊನೆಯಿಂದ ಗೋಡೆಯನ್ನು ಗೀರಿ ಒರಟು ಮಾಡಿದೆವು. ತಳಕ್ಕೆ ಮಣ್ಣು ಹಾಕಿ ತುಳಿದು, ಉಂಡೆ ಇಟ್ಟಾಗ ಅದರ ಮೇಲ್ಮೈ ಹೊಲದ ನೆಲಮಟ್ಟಕ್ಕಿಂತ ಎರಡು ಬೆರಳು ಮೇಲಿರುವಂತೆ ನೋಡಿಕೊಂಡೆವು. ಆಮೇಲೆ ಅದು ಕುಸಿದು ಸಮಕ್ಕೆ ಬರುತ್ತದೆ. ಕಾಂಡ ಅಗಲವಾಗಿ ಬೇರಾಗಿ ಕವಲೊಡೆಯುವ ಬುಡ ಕಣ್ಣಿಗೆ ಕಾಣುತ್ತಿರಬೇಕು. ಗಾಳಿಗೆ ಬೀಳದಿರಲಿ ಎಂದು ಆಳಕ್ಕೆ ಹೂತ ಗಿಡಗಳು ತೊಗಟೆ ಕೊಳೆತು, ಬೇರಿಗೆ ಗಾಳಿ ಸಿಗದೆ ಎರಡನೇ ವರ್ಷ ಹೋಗುತ್ತವೆ. ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಚೀಲದ ಸಸಿಯಾದರೆ ಪ್ಲಾಸ್ಟಿಕ್ ಪೂರ್ತಿ ತೆಗೆಯಬೇಕು. ತಳದಲ್ಲಿ ಸುರುಳಿ ಸುತ್ತಿದ ಬೇರನ್ನು ಎರಡು ಸೆಂ.ಮೀ. ಕತ್ತರಿಸಿ, ಪಕ್ಕದಲ್ಲಿ ಬ್ಲೇಡಿನಿಂದ ಮೂರು ಉದ್ದ ಗೆರೆ ಎಳೆಯಬೇಕು. ಬೇರು ಸುರುಳಿಯಾಗಿಯೇ ಉಳಿದರೆ ಮರ ದಪ್ಪವಾದಂತೆ ತನ್ನ ಕೊರಳನ್ನು ತಾನೇ ಬಿಗಿಯುತ್ತದೆ. ಗೋಣಿಯ ಉಂಡೆಯಾದರೆ ಗುಂಡಿಗೆ ಇಳಿಸಿದ ಮೇಲೆ ಹುರಿ ಕತ್ತರಿಸಿ, ಸಣಬಿನ ಗೋಣಿಯನ್ನು ಪಕ್ಕಕ್ಕೆ ಮಡಚಿ ಬಿಟ್ಟರೆ ಕರಗುತ್ತದೆ. ಪ್ಲಾಸ್ಟಿಕ್ ಚೀಲ ಕರಗುವುದಿಲ್ಲ, ಅದನ್ನು ಎಳೆದು ತೆಗೆಯಲೇಬೇಕು.

ಮುಚ್ಚುವುದು ಅಗೆದ ಮಣ್ಣಿನಿಂದಲೇ. ಮೇಲ್ಮಣ್ಣು ಬೇರಿನ ಸುತ್ತ, ತಳಮಣ್ಣು ಮೇಲಕ್ಕೆ. ಗುಂಡಿ ತುಂಬ ಗೊಬ್ಬರ ಸುರಿಯುವ ರೂಢಿಯನ್ನು ನಾವು ಬಿಟ್ಟೆವು. ಗುಂಡಿಯೊಳಗೆ ಸೊಂಪಾದ ಮಣ್ಣು, ಹೊರಗೆ ಬಡ ಮಣ್ಣು ಇದ್ದರೆ ಬೇರು ಆಚೆ ಹೋಗಲು ಮನಸ್ಸು ಮಾಡುವುದಿಲ್ಲ. ಹಸಿ ಸಗಣಿಗೊಬ್ಬರವಂತೂ ಬಿಸಿಯೇರಿ ಬೇರನ್ನು ಸುಡುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಪೂರ್ತಿ ಕಳಿತ ಗೊಬ್ಬರ ಎರಡು ಬೊಗಸೆ, ಅದೂ ಮೇಲಿನ ಮಣ್ಣಿಗೆ. ಇದರ ಜೊತೆ ತಾಯಿಮರದ ಕೆಳಗಿನ ಕಪ್ಪು ಮಣ್ಣು ಒಂದು ಹಿಡಿ ಬೇರಿಗೆ ತಾಗುವಂತೆ ಹಾಕಿದೆವು. ಮರಗಳ ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರಗಳು ಅದರಲ್ಲಿರುತ್ತವೆ. ಬಹುಕಾಲ ಉತ್ತು ರಾಸಾಯನಿಕ ಗೊಬ್ಬರ ಉಂಡ ನೆಲದಲ್ಲಿ ಅವು ಕ್ಷೀಣಿಸಿರುತ್ತವೆ. ಅರ್ಧ ಮಣ್ಣು ತುಂಬಿದಾಗ ಒಂದು ಕೊಡ ನೀರು ಹೊಯ್ದು ಇಂಗುವವರೆಗೆ ಕಾದು, ಆಮೇಲೆ ಉಳಿದ ಮಣ್ಣು. ಸಂದುಗಳನ್ನು ನೀರೇ ಮುಚ್ಚಬೇಕು. ಹಸಿ ಜೇಡಿಯನ್ನು ಕಾಲಲ್ಲಿ ತುಳಿದರೆ ಒಡೆದ ಗಟ್ಟಿ ಪದರವನ್ನು ಮತ್ತೆ ನಾವೇ ಮಾಡಿದಂತೆ. ಊರುಗೋಲು ಕಟ್ಟಿದ್ದು ವಾಲುವ ಗಿಡಗಳಿಗೆ ಮಾತ್ರ, ಎತ್ತರದ ಮೂರನೇ ಒಂದರಲ್ಲಿ, ಸಡಿಲವಾಗಿ. ಗಾಳಿಗೆ ಅಷ್ಟಿಷ್ಟು ತೂಗಾಡಿದ ಕಾಂಡವೇ ದಪ್ಪವಾಗುವುದು.

ನೀರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬೇರೆ ಕಡೆಯಿಂದ ಬಂದ ಉಂಡೆಯ ಮಣ್ಣೂ ಹೊಲದ ಮಣ್ಣೂ ಒಂದೇ ಅಲ್ಲ. ಸುತ್ತಲ ಜೇಡಿ ಒದ್ದೆಯಿದ್ದರೂ ನಡುವಿನ ಮರಳು ಉಂಡೆ ಒಣಗಿರಬಹುದು, ಮತ್ತು ಗಿಡದ ಬೇರೆಲ್ಲ ಇನ್ನೂ ಉಂಡೆಯೊಳಗೇ ಇರುತ್ತದೆ. ಆದ್ದರಿಂದ ಮೊದಲ ಎರಡು ತಿಂಗಳು ಮಳೆ ನಾಲ್ಕು ದಿನ ತಪ್ಪಿದರೂ ಉಂಡೆಯ ಮೇಲೇ, ಬುಡಕ್ಕೆ ಹತ್ತಿರವಾಗಿ 5 ಲೀಟರ್ ಹೊಯ್ದೆವು. ಬೇಸಿಗೆಯಲ್ಲಿ ಇದು ತಿರುಗುಮುರುಗು. ಪಾತಿಯನ್ನು ಹೊರಕ್ಕೆ ಸರಿಸಿ, ವಾರಕ್ಕೊಮ್ಮೆ 15ರಿಂದ 20 ಲೀಟರ್ ನಿಧಾನವಾಗಿ ಇಂಗಿಸಿದೆವು. ದಿನವೂ ಚೊಂಬು ಚೊಂಬು ಹೊಯ್ಯುವುದು ಬೇರನ್ನು ಮೇಲಕ್ಕೇ ಕರೆಯುತ್ತದೆ.

ಹುಲ್ಲು. ಪಾಳು ಹೊಲದಲ್ಲಿ ಗಿಡದ ದೊಡ್ಡ ಶತ್ರು ಬರವಲ್ಲ, ಗರಿಕೆ ಮತ್ತು ದರ್ಭೆಯಂಥ ಬೇರುಹುಲ್ಲು. ಬಿದ್ದ ಮಳೆಯ ಮೊದಲ ಗುಟುಕು ಅದಕ್ಕೇ. ಪ್ರತಿ ಗಿಡದ ಸುತ್ತ ಒಂದು ಮೀಟರ್ ಅಗಲದ ವೃತ್ತವನ್ನು ಬೇರು ಸಮೇತ ಕೆತ್ತಿ, ಕೆತ್ತಿದ್ದನ್ನು ಬಿಸಿಲಲ್ಲಿ ಒಣಗಿಸಿ ಅದನ್ನೇ ನಾಲ್ಕು ಬೆರಳು ದಪ್ಪ ಮುಚ್ಚಿಗೆ ಹಾಕಿದೆವು, ಕಾಂಡದಿಂದ ಒಂದು ಅಂಗೈ ಅಗಲ ಬಿಟ್ಟು. ಕಾಂಡಕ್ಕೆ ತಾಗಿದರೆ ತೊಗಟೆ ಕೊಳೆಯುತ್ತದೆ, ಗೆದ್ದಲು ಏರುತ್ತದೆ, ಇಲಿ ಅಡಗಿ ಕುಳಿತು ಸಿಪ್ಪೆ ಕೆರೆಯುತ್ತದೆ. ಮಳೆಗಾಲದಲ್ಲಿ ಐದಾರು ವಾರಕ್ಕೊಮ್ಮೆ, ಮೊದಲ ಎರಡು ಮಳೆಗಾಲ ಪೂರ್ತಿ ಇದನ್ನು ಮಾಡಬೇಕು. ನೆಡುವ ದಿನ ಬಂದ ಜನ ಕಳೆ ತೆಗೆಯುವ ದಿನ ಬರುವುದಿಲ್ಲ. ಇಷ್ಟು ಗಿಡಕ್ಕೆ ಕಳೆ ತೆಗೆಯುವ ಆಳು ಖಾತ್ರಿಯಿಲ್ಲದಿದ್ದರೆ ಗಿಡದ ಸಂಖ್ಯೆಯನ್ನೇ ಇಳಿಸಿ ಎಂದು ಕೇಳಿದವರಿಗೆಲ್ಲ ಹೇಳುತ್ತೇವೆ.

ನೆಟ್ಟ ಎರಡು ವಾರಕ್ಕೆ ಎಲೆ ಹಳದಿಯಾಗಿ ಉದುರಿದರೆ ಗಾಬರಿಯಾಗುತ್ತದೆ. ಎಲೆಯನ್ನು ಕಳಚುವುದು ಜೀವವಿರುವ ಕೊಂಬೆ ಮಾಡುವ ಕೆಲಸ; ಗಿಡ ತನ್ನ ಖರ್ಚು ತಗ್ಗಿಸಿಕೊಳ್ಳುತ್ತಿದೆ, ಅಷ್ಟೇ. ಎಲೆ ಕಂದಾಗಿ ಗರಿಗರಿಯಾಗಿ ಕೊಂಬೆಗೇ ಅಂಟಿಕೊಂಡು ನಿಂತರೆ ಆ ಕೊಂಬೆ ಸತ್ತಿದೆ. ಅನುಮಾನ ಬಂದರೆ ತುದಿಯಿಂದ ಕೆಳಕ್ಕೆ ಉಗುರಲ್ಲಿ ಕೆರೆಯುತ್ತ ಬರಬೇಕು. ಹಸಿರು ಕಂಡ ಜಾಗದಿಂದ ಕೆಳಗೆ ಜೀವವಿದೆ, ಅಲ್ಲಿಗೆ ಕತ್ತರಿಸಿ ಕಾಯಬೇಕು. ಮೇಲೆಲ್ಲ ಒಣಗಿದ ಗಿಡ ಬುಡದಿಂದ ಚಿಗುರುವುದು ಸಾಮಾನ್ಯ, ಹಾಗಾಗಿ ಮುಂದಿನ ಮಳೆಗಾಲ ಮುಗಿಯುವವರೆಗೆ ಯಾವುದನ್ನೂ ಕಿತ್ತು ಬಿಸಾಡಲಿಲ್ಲ. ಮಧ್ಯಾಹ್ನ ಬಾಡಿ ಬೆಳಗ್ಗೆ ಚೇತರಿಸಿಕೊಂಡರೆ ಚಿಂತೆಯಿಲ್ಲ. ಬೆಳಗ್ಗೆಯೇ ಜೋತುಬಿದ್ದಿದ್ದರೆ ನೀರು ಹಾಕುವ ಮೊದಲು ಬೆರಳು ಹಾಕಿ ಮಣ್ಣು ನೋಡಬೇಕು. ಅತಿ ನೀರಿಗೆ ಬೇರು ಉಸಿರುಗಟ್ಟಿದಾಗಲೂ ಗಿಡ ಹೀಗೆಯೇ ಬಾಡುತ್ತದೆ, ಆಗ ಇನ್ನೊಂದು ಕೊಡ ಹೊಯ್ದರೆ ಅದು ಕೊನೆಯ ಏಟು.

ದನ, ಮೇಕೆ ಬರುವ ಹೊಲಕ್ಕೆ ಗುಂಪಿನ ಸುತ್ತ ಮುಳ್ಳುಕಂಟಿಯ ಬೇಲಿ ಬೇಕು. ಒಂಟಿ ಗಿಡಕ್ಕೆ ಬೇಲಿ ಹಾಕುವುದಕ್ಕಿಂತ ಗುಂಪಿಗೆ ಹಾಕುವುದು ಸುಲಭ. ಬೆಂಕಿಗೆ ಮಾತ್ರ ಒಂದೇ ಉಪಾಯ. ಹುಲ್ಲು ಒಣಗುವ ಮೊದಲೇ ಹೊಲದ ಸುತ್ತ ಕನಿಷ್ಠ ನಾಲ್ಕೈದು ಮೀಟರ್ ಅಗಲಕ್ಕೆ ಬರಿ ಮಣ್ಣು ಕಾಣುವಂತೆ ಕೆತ್ತಬೇಕು, ಗಾಳಿ ಬೀಸಿ ಬರುವ ದಿಕ್ಕಿಗೆ ಇನ್ನೂ ಅಗಲ. ಮೂರು ವರ್ಷದ ದುಡಿಮೆ ಒಂದು ಮಧ್ಯಾಹ್ನದಲ್ಲಿ ಬೂದಿಯಾಗುವುದು ಹುಲ್ಲಿನ ಬೆಂಕಿಯಲ್ಲೇ.

ಎಣಿಕೆಯನ್ನು ಮೂರು ಸಲ ಮಾಡಿದೆವು: ನೆಟ್ಟ ತಿಂಗಳಿಗೆ, ಮಳೆಗಾಲದ ಕೊನೆಗೆ, ಬೇಸಿಗೆ ಕಳೆದ ಮೇಲೆ. ಎಷ್ಟು ಸತ್ತವು ಎಂಬುದಕ್ಕಿಂತ ಯಾವಾಗ ಸತ್ತವು ಎಂಬುದು ಹೆಚ್ಚು ಹೇಳುತ್ತದೆ. ತಿಂಗಳೊಳಗೆ ಹೋದರೆ ಕೀಳುವಾಗ, ಸಾಗಿಸುವಾಗ ಆದ ತಪ್ಪು. ಮಳೆಗಾಲದಲ್ಲಿ ಹೋದರೆ ನೀರು ನಿಂತಿದೆ, ಆಳಕ್ಕೆ ಹೂತಿದೆ ಅಥವಾ ಮೇಯಲಾಗಿದೆ. ಬೇಸಿಗೆಯಲ್ಲಿ ಹೋದರೆ ಹುಲ್ಲು, ಇಲ್ಲವೇ ಒಡೆಯದ ಗಟ್ಟಿ ಪದರ. ಸತ್ತ ಜಾಗದಲ್ಲಿ ಅದೇ ಜಾತಿಯನ್ನು ಮತ್ತೆ ನೆಡುವ ಮೊದಲು ಸತ್ತದ್ದನ್ನು ಅಗೆದು ಬೇರು ನೋಡಲೇಬೇಕು.

ಮೂರನೇ ಮಳೆಗಾಲಕ್ಕೆ ಗುಂಪುಗಳೊಳಗೆ ನೆರಳು ಕೂಡಿ ಗರಿಕೆ ಹಿಂದೆ ಸರಿಯತೊಡಗುತ್ತದೆ. ಆಗ ಅತ್ತಿ, ನೇರಳೆಯ ಕೆಳಗೆ ನಾವು ನೆಡದ ಸಸಿಗಳು ಕಾಣಿಸುತ್ತವೆ, ಹಕ್ಕಿ ಕೂತ ಕೊಂಬೆಯ ನೇರ ಕೆಳಗೆ, ಹಿಕ್ಕೆಯ ಜೊತೆ ಬಿದ್ದ ಬೀಜದಿಂದ. ಎರಡೆಲೆಯ ಹಂತದಲ್ಲಿ ಅವು ಕಳೆಯ ಹಾಗೆಯೇ ಇರುತ್ತವೆ, ರೂಢಿಯ ಕೈ ಅವನ್ನೂ ಕೆತ್ತಿ ಹಾಕುತ್ತದೆ. ಆದ್ದರಿಂದ ಆ ವರ್ಷ ಕಳೆ ಕೆತ್ತುವ ಮೊದಲು ಮೊಣಕಾಲೂರಿ ಇಡೀ ಗುಂಪನ್ನು ಹುಡುಕಿ, ಮರದ ಸಸಿ ಎಂದು ಗುರುತು ಸಿಕ್ಕ ಪ್ರತಿಯೊಂದರ ಪಕ್ಕ ಒಂದೊಂದು ಬಿದಿರು ಕಡ್ಡಿ ಚುಚ್ಚಿದೆವು. ಗುರುತು ಸಿಗದವಕ್ಕೂ ಚುಚ್ಚಿದೆವು. ನಾಲ್ಕನೇ ಎಲೆ ಬರುವವರೆಗೆ ಕಾದರೆ ಯಾವ ಮರ ಎಂದು ಅದೇ ಹೇಳುತ್ತದೆ.